ಎರಡೇ ಬಾಗಿಲಿನ ಕಾರು

ಅವರು ಬಂದದ್ದು ವ್ಯಾನು ನೋಡಲು. ತಿಪಟೂರಿನ ರೈಲ್ವೆ ಗೇಟಿನಾಚೆ ನಿಜಾಮುದ್ದೀನನ ಗ್ಯಾರೇಜಿನಲ್ಲಿ ಒಂದು ಹಳೆಯ ಬಿಳಿ ಓಮ್ನಿ ಮಾರಾಟಕ್ಕಿದೆ, ನೋಡಿ, ಓಡಿಸಿ, ಹಿಡಿಸಿದರೆ ಮುಂಗಡ ಕೊಟ್ಟು ಬರುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಏಳು ತಿಂಗಳ ಬಸುರಿ ವನಜಾ ಅದಕ್ಕೆಂದೇ ಹಂದನಕೆರೆಯಿಂದ ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದಿದ್ದಳು. ಆದರೆ ಅವಳ ಗಂಡ ಜುಂಜೇಶ ವ್ಯಾನಿನ ಕಡೆ ತಿರುಗಿಯೂ ನೋಡಲಿಲ್ಲ. ಗ್ಯಾರೇಜಿನ ಹಿಂದಿದ್ದ ನಿಜಾಮುದ್ದೀನನ ಮನೆಯಂಗಳದಲ್ಲಿ, ಹರಿದ ಟಾರ್ಪಾಲಿನ ಕೆಳಗಿಂದ ಒಂದು ಕೆಂಪು ಮೂತಿ ಇಣುಕುತ್ತಿತ್ತು. ಅವನು ಸೀದಾ ಅಲ್ಲಿಗೆ ಹೋಗಿ ನಿಂತುಬಿಟ್ಟ.

"ಇದ್ಯಾವ್ದು ನಿಜಾಂ ಭಾಯಿ?"

"ಅದಾ? ನಮ್ಮನೇಗೆ ಅಂಟ್ಕೊಂಡಿರೋ ಮುಸೀಬತ್ತು," ಎಂದ ನಿಜಾಮುದ್ದೀನ್, ಕೈಗೆ ಹತ್ತಿದ್ದ ಗ್ರೀಸನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತ. "ನನ್ನ ಹೆಂಡ್ತಿ ತಮ್ಮ ಉಮರ್ ಫಾರೂಖ್ ಬೆಂಗಳೂರಲ್ಲಿ ಗ್ಯಾರೇಜ್ ಇಟ್ಟವ್ನಲ್ಲ, ಅವಂದು. ಯಾವನೋ ಸಾವ್ಕಾರನ ಮಗ ಜಪಾನಿಂದ ತರಿಸ್ಕೊಂಡಿದ್ನಂತೆ. ಆಟ ಸಾಕಾಯ್ತು, ಇವನಿಗೆ ಮಾರ್ಬಿಟ್ಟು ಹೋದ. ಅಲ್ಲಿ ನಿಲ್ಸೋಕೆ ಜಾಗ ಇಲ್ಲ ಅಂತ ಇಲ್ಲಿಗೆ ತಂದು ನಿಲ್ಸವ್ನೆ. ಅದ್ರ ತಂಟೆ ಬೇಡ ಬನ್ನಿ."

ಒಳಗೆ ಹೊಲಿಗೆ ಮಷೀನಿನ ಸದ್ದು ನಿಂತಿತು. ಹೆಗಲಿಗೆ ಅಳತೆ ಟೇಪು ಹಾಕಿಕೊಂಡೇ ಶಹರ್ ಬಾನು ಬಾಗಿಲಿಗೆ ಬಂದಳು.

"ಏನ್ ಜೀ ನಿಮ್ಮ ಬುದ್ಧಿ! ಗಿರಾಕಿ ತಾನಾಗೇ ಬಂದು ನಿಂತವ್ರೆ, ನೀವು ಓಡಿಸ್ತಾ ಇದೀರಲ್ಲ? ಬಟ್ಟೆ ಒಣಗ್ಸೋಕೆ ಜಾಗ ಇಲ್ಲ ನನಗೆ. ಕೋಳಿ ಹೋಗಿ ಅದ್ರ ಕೆಳಗೇ ಮೊಟ್ಟೆ ಇಡ್ತವೆ, ತೆಗೆಯೋಕೆ ಮಲಗ್ಬೇಕು. ತಗೊಳ್ಳಿ ಅಣ್ಣ, ರಾಜನ ಥರ ಗಾಡಿ ಅದು."

ಟಾರ್ಪಾಲು ಸರಿಯಿತು. ಎದೆಮಟ್ಟಕ್ಕೂ ಬಾರದ ಎತ್ತರ, ಹಾವಿನ ಹೆಡೆಯ ಹಾಗೆ ಮುಂದಕ್ಕೆ ಚಾಚಿದ ಬಾನೆಟ್ಟು, ಎರಡು ಬಾಗಿಲು. ಸ್ವಿಚ್ಚು ಒತ್ತಿದರೆ ಮೂತಿಯೊಳಗೆ ಅಡಗಿದ್ದ ದೀಪಗಳು ಕಪ್ಪೆಯ ಕಣ್ಣಿನಂತೆ ಮೇಲೆದ್ದವು. ಒಂದು ಪೂರ್ತಿ ಎದ್ದಿತು, ಇನ್ನೊಂದು ಅರ್ಧಕ್ಕೇ ನಿಂತಿತು. ಜುಂಜೇಶನ ಬಾಯಿ ತೆರೆದೇ ಇತ್ತು.

ವನಜಾ ಆ ಬಾಯಿಯನ್ನೇ ನೋಡಿದಳು. ಮೂರು ವರ್ಷದ ಹಿಂದೆ ಆ ಬಾಯಿ ಹೀಗೆ ತೆರೆದಿರಲಿಲ್ಲ.

ಮೂರು ವರ್ಷದ ಹಿಂದೆ ಅವಳ ಮೊದಲ ಕೂಸು ಹುಟ್ಟಿದ್ದು ಹಟ್ಟಿಯ ಬೇಲಿಯ ಹೊರಗೆ, ತೆಂಗಿನ ಗರಿ ಹೊದಿಸಿದ ಗುಡ್ಲಿನಲ್ಲಿ. ಹಟ್ಟಿಯ ಕಟ್ಟಳೆ ಅದು. ತಿಂಗಳ ಮುಟ್ಟಾದವರು, ಹೆರುವವರು, ಹೆತ್ತವರು ಬೇಲಿ ದಾಟಿ ಒಳಗೆ ಇರಕೂಡದು, ದೇವರಿಗೆ ಆಗುವುದಿಲ್ಲ. ಪುಷ್ಯದ ಚಳಿ. ಕೂಸು ಅಡ್ಡ ತಿರುಗಿಕೊಂಡಿದೆ, ಆಸ್ಪತ್ರೆಗೇ ಹೋಗಬೇಕು ಎಂದು ಸೂಲಗಿತ್ತಿ ಕೈಚೆಲ್ಲಿದಾಗ ಹಟ್ಟಿಯಲ್ಲಿ ಇದ್ದದ್ದು ಯಜಮಾನ ದೊಡ್ಡಣ್ಣನ ಜೀಪು ಒಂದೇ. ಮುಂದಿನ ವಾರ ಅದೇ ಜೀಪಿನಲ್ಲಿ ದೇವರ ಮೂರ್ತಿಯ ಪೆಟ್ಟಿಗೆ ಹೊಳೆಯ ಪೂಜೆಗೆ ಹೋಗಬೇಕು, ಹೆರುವವಳನ್ನು ಹತ್ತಿಸಿಕೊಂಡರೆ ಹೆಂಗೆ ಅಂದ ದೊಡ್ಡಣ್ಣ. ಕೆಟ್ಟವನಲ್ಲ, ಕಣ್ಣಲ್ಲಿ ನೀರು ಹಾಕಿಕೊಂಡೇ ಹಾಗಂದ. ಹಂದನಕೆರೆಯಿಂದ ಆಟೋ ಬರುವ ಹೊತ್ತಿಗೆ ಕೂಸು ಹುಟ್ಟಿತ್ತು, ಅತ್ತಿರಲಿಲ್ಲ. ಆವತ್ತು ಜುಂಜೇಶ ಹಲ್ಲು ಕಚ್ಚಿಕೊಂಡು ಆಣೆ ಮಾಡಿದ್ದ: ಮುಂದಿನ ಸಲ ನಮ್ಮದೇ ಗಾಡಿ ಇರ್ತದೆ, ಆಸ್ಪತ್ರೆಲೇ ನಿನ್ನ ಹೆರಿಗೆ.

ಆ ಮುಂದಿನ ಸಲ ಈಗ ಬಂದಿತ್ತು. ಕೊಬ್ಬರಿಗೂ ಒಳ್ಳೆಯ ರೇಟು ಬಂದಿತ್ತು. ವರ್ಷಗಟ್ಟಲೆ ಅಟ್ಟದ ಮೇಲೆ ಕಾಯಿ ಒಣಗುವಾಗ ಕೆಳಗೆ ಒಲೆ ಉರಿಸಿ ಹೊಗೆ ಕುಡಿದವಳು ವನಜಾ. ತಿಂಗಳಿಗೆ ಆ ನಾಲ್ಕೈದು ದಿನ ಮಾತ್ರ ಅದೇ ಅಟ್ಟದ ಕೆಳಗೆ ಕಾಲಿಡಲೂ ಅವಳು ಯೋಗ್ಯಳಲ್ಲ. ಇರಲಿ. ಹೊಸ ಶತಮಾನ ಬರುತ್ತಿದೆಯೆಂದು ಪೇಪರುಗಳೆಲ್ಲ ಕುಣಿಯುತ್ತಿದ್ದ ವರ್ಷ ಅದು.

"ರೀ," ಎಂದಳು ವನಜಾ. "ವ್ಯಾನು ಆ ಕಡೆ ಐತೆ."

"ನೋಡಾನ ತಡಿಯೇ. ವ್ಯಾನ್ ಎಲ್ಲಿಗೋಯ್ತದೆ? ಇಂಥದ್ದು ಇಡೀ ಜಿಲ್ಲೇಲಿ ಇಲ್ಲ ಕಣೇ."

"ಇಲ್ಲದೆ ಇರೋಕೆ ಏನೋ ಕಾರಣ ಇರ್ಬೇಕಲ್ಲ?"

"ಕಾರಣ ನಾನು ಹೇಳ್ತೀನಿ," ಎಂದ ನಿಜಾಮುದ್ದೀನ್. "ಒಂದು ಬಲ್ಬ್ ಹೋದ್ರೂ ಬೆಂಗಳೂರು. ಅಲ್ಲಿ ಸಿಗ್ಲಿಲ್ಲ ಅಂದ್ರೆ ಬಾಂಬೆ. ಅಲ್ಲೂ ಸಿಗ್ಲಿಲ್ಲ ಅಂದ್ರೆ ನೀವು ಜಪಾನ್ ಭಾಷೆ ಕಲೀಬೇಕು. ನಿಮ್ಮ ಹಟ್ಟಿ ದಾರಿಲಿ ಎತ್ತಿನ ಗಾಡಿನೇ ನರಳ್ತದೆ, ಇದ್ರ ಹೊಟ್ಟೆ ನೆಲಕ್ಕೆ ನಾಲ್ಕು ಬೆರಳು. ಬೇಡ ಜುಂಜೇಶಣ್ಣ, ಆಮೇಲೆ ದಿನಾ ನನ್ ತಲೆ ತಿಂತೀರ."

"ಹೇಳಿ, ಹೇಳಿ, ಇನ್ನೂ ಹೇಳಿ!" ಎಂದಳು ಶಹರ್ ಬಾನು. "ಅಂಗಡೀಲಿ ಕೂತು ಗಿರಾಕಿಗೆ ತಗೋಬೇಡಿ ಅನ್ನೋ ವ್ಯಾಪಾರಸ್ಥ ನಿಮ್ಮನ್ನ ಬಿಟ್ರೆ ಯಾರಿದಾರೆ ಹೇಳಿ."

ಜುಂಜೇಶನಿಗೆ ಯಾವುದೂ ಕೇಳಿಸಲಿಲ್ಲ. ಅವನು ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದ. ವನಜಾ ಬಾಗಿಲ ಬಳಿ ಬಂದು ಒಳಗೆ ಇಣುಕಿದಳು. ಹಿಂದೆ ಹೋಗಲು ಬೇರೆ ಬಾಗಿಲಿಲ್ಲ. ಮುಂದಿನ ಸೀಟನ್ನು ಮಡಚಿ, ಬಗ್ಗಿ, ತೆವಳಿ ಹೋಗಬೇಕು. ಹೋದರೂ ಅಲ್ಲಿ ಕೂರಲು ಎರಡು ಕೊಬ್ಬರಿ ಚೀಲಕ್ಕೆ ಆಗುವಷ್ಟು ಜಾಗವೂ ಇಲ್ಲ.

"ನನ್ನ ಹೊಟ್ಟೆ ನೋಡಿ," ಎಂದಳು. "ಇದನ್ನ ತಗೊಂಡು ಇದ್ರೊಳಗೆ ಹೆಂಗೆ ನುಗ್ಲಿ?"

"ಹಿಂದೆ ಯಾಕೆ ಕೂರ್ತೀಯ? ಮುಂದೆ ಕೂರು, ನನ್ ಪಕ್ಕ. ಕೂತು ನೋಡು ಒಂದ್ಸಲ."

ಜಗಳ ಮುಗಿಯಲಿ ಎಂದೇ ಕೂತಳು. ಕೂತದ್ದಲ್ಲ, ಬಿದ್ದಳು. ನೆಲಕ್ಕೆ ತಾಗಿದಂತಿದ್ದ ಸೀಟು ಅವಳನ್ನು ಬೆನ್ನಿನ ತನಕ ಹಿಡಿದುಕೊಂಡಿತು. ಬಸ್ಸಿನ ಕುಲುಕಾಟಕ್ಕೆ ನೋಯುತ್ತಿದ್ದ ಸೊಂಟಕ್ಕೆ ಹಾಯೆನಿಸಿದ್ದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ನಿಜಾಮುದ್ದೀನ್ ತಲೆಯ ಮೇಲೆ ಕೈ ಇಟ್ಟುಕೊಂಡ. ಗಿರಾಕಿ ಕೆಟ್ಟ ಅಂತ ಅವನಿಗೆ ಗೊತ್ತಾಗಿತ್ತು.

"ಒಂದ್ಸಲ ಹಟ್ಟಿಗಂಟ ಹೋಗಿ ಅಪ್ಪಯ್ಯಂಗೆ ತೋರಿಸ್ಕೊಂಡ್ ಬತ್ತೀನಿ ನಿಜಾಂ ಭಾಯಿ," ಎಂದ ಜುಂಜೇಶ. "ಅಪ್ಪಯ್ಯ ಹ್ಞೂಂ ಅಂದ್ರೆ ನಾಳೇನೇ ವ್ಯವಹಾರ."

"ಒಬ್ರೇ ಕಳಿಸೋಕೆ ನನ್ಗೇನು ಹುಚ್ಚಾ? ಮಧ್ಯ ದಾರೀಲಿ ನಿಂತ್ರೆ ತಳ್ಳೋಕೆ ಬಸುರಿ ಹೆಂಗಸಾ?" ಎನ್ನುತ್ತ ನಿಜಾಮುದ್ದೀನ್ ಚಪ್ಪಲಿ ಕೈಗೆ ತಗೊಂಡು ಹಿಂದಿನ ಸಂದಿಗೆ ನುಗ್ಗಿದ. ಅವನ ಮೊಣಕಾಲು ಅವನ ಗದ್ದಕ್ಕೆ ಬಂದು ನಿಂತಿತು. ಶಹರ್ ಬಾನು ಟೇಪು ಬಾಯಿಗೆ ಒತ್ತಿಕೊಂಡು ನಕ್ಕಳು. "ಹಂಗೇ ಮಾರ್ಬಿಟ್ಟು ಬಸ್ಸಲ್ಲಿ ಬನ್ನಿ!"

ಹಾಲ್ಕುರಿಕೆ ದಾಟುವವರೆಗೆ ಜುಂಜೇಶ ಹಾಡಿಕೊಂಡೇ ಓಡಿಸಿದ. ತೋಟಗಳಲ್ಲಿ ಕಾಯಿ ಕೆಡವುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ಮೊದಲ ರೋಡ್ ಹಂಪಿನಲ್ಲಿ ಕಾರಿನ ಹೊಟ್ಟೆ ಕರ್ರ್ ಎಂದಿತು. ಎರಡನೆಯದರಲ್ಲಿ ಹಿಂದಿನಿಂದ ನಿಜಾಮುದ್ದೀನ್ "ಯಾ ಅಲ್ಲಾ" ಎಂದ. ಡಾಂಬರು ಮುಗಿದ ಮೇಲೆ ಕಾರು ನಡೆಯಿತು ಅನ್ನುವುದಕ್ಕಿಂತ ನೆಲವನ್ನು ಉಜ್ಜಿಕೊಂಡು ಹೋಯಿತು.

"ಇದ್ರಲ್ಲಿ ನೋವು ಬಂದೋಳು ಕೂತ್ರೆ ಆಸ್ಪತ್ರೆಗೆ ಮುಂಚೆನೇ ಹೆರ್ತಾಳೆ," ಎಂದಳು ವನಜಾ.

"ಎಲ್ಲದಕ್ಕೂ ಕೊಂಕು ನಿಂದು. ಒಂದು ಗಾಡಿ ಜಲ್ಲಿ ಹೊಡೆಸಿದ್ರೆ ದಾರಿ ಸರಿಹೋಯ್ತದೆ."

"ಕಾರಿಗೆ ದಾರಿ ಮಾಡಿಸ್ತೀರ. ಮೂರು ವರ್ಷದಿಂದ ನನಗೆ ಯಾಕೆ ಮಾಡಿಸ್ಲಿಲ್ಲ?"

ಜುಂಜೇಶ ಗೇರು ಬದಲಿಸಿದ. ಹಿಂದಿನ ಸಂದಿಯಿಂದ ನಿಜಾಮುದ್ದೀನ್ ಕೆಮ್ಮಿದ.

ಹಟ್ಟಿಯ ಕಾರೆಮುಳ್ಳಿನ ಬೇಲಿಯ ಹೊರಗೆ ಹುಣಸೆಮರದ ಕೆಳಗೆ ಕಾರು ನಿಂತಿತು. ಅದರ ಪಕ್ಕಕ್ಕೇ ಗುಡ್ಲು. ಗುಡ್ಲಿನ ಬಾಗಿಲಲ್ಲಿ ಹೊರಗಾಗಿ ಕೂತಿದ್ದ ರಂಗಕ್ಕ, ವನಜಾಳ ವಾರಿಗೆಯವಳು, ತಟ್ಟೆ ಬದಿಗಿಟ್ಟು ಕತ್ತು ಚಾಚಿದಳು.

"ಇದೇನೇ ವನಜಾ, ನಿನ್ ಕಾರೂ ನನ್ನಂಗೇ ನೆಲಕ್ಕೆ ಕುಂತ್ಕಂಡೈತಲ್ಲೇ? ಅದೂ ಹೊರಗಾಗೈತಾ?"

ವನಜಾಳಿಗೆ ಬೆಳಗಿನಿಂದ ಮೊದಲ ಸಲ ನಗು ಬಂತು. ಬಂದಷ್ಟೇ ಬೇಗ ಹೋಯಿತು. ಬೇಲಿಯ ಬಾಗಿಲು ದಾಟಿ ಅವಳ ಮಾವ ಕಾಟಯ್ಯ ಬರುತ್ತಿದ್ದ. ಹಟ್ಟಿಯ ದೇವರ ಪೂಜಾರಿ; ಮನೆಗೆ ಗಾಡಿ ಬಂದರೆ ದೇವರ ಪೆಟ್ಟಿಗೆಯೂ ಇನ್ನು ಅದರಲ್ಲೇ. ಕೈಯಲ್ಲಿ ಬೆತ್ತ, ಹೆಗಲಲ್ಲಿ ಕಂಬಳಿ. ಅವನ ಹಿಂದೆ ಅತ್ತೆ ಚಿತ್ತಮ್ಮ. ಅವರ ಹಿಂದೆ ಅರ್ಧ ಹಟ್ಟಿ.

ಕಾಟಯ್ಯ ಕಾರನ್ನು ಒಂದು ಸುತ್ತು ಹಾಕಿದ. ಆಮೇಲೆ ಬಗ್ಗಿ ಕಿವಿ ಹತ್ತಿರ ತಂದು ಬಾನೆಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಅಟ್ಟದ ಕಾಯಿ ಒಣಗಿದೆಯೋ ಇಲ್ಲವೋ ಎಂದು ಅಲ್ಲಾಡಿಸಿ, ತಟ್ಟಿ ನೋಡುವ ಕೈ ಅದು.

"ಒಳ್ಗೆ ಟೊಳ್ಳು ಕಣ್ಲಾ," ಎಂದ.

"ಅದು ಇಂಜಿನ್ ಅಪ್ಪಯ್ಯ."

"ಆಗ್ಲಿ. ದೇವ್ರ ಪೆಟ್ಗೆ ಎಲ್ಲಿಕ್ಕದು?"

"ಮುಂದ್ಗಡೆ ಸೀಟಲ್ಲಿ, ಅಪ್ಪಯ್ಯ."

"ನಾನು?"

"ನೀನು… ಹಿಂದ್ಗಡೆ."

ಕಾಟಯ್ಯ ಗಾಜಿನಲ್ಲಿ ಇಣುಕಿದ. ಆ ಸಂದಿಯಲ್ಲಿ ಇನ್ನೂ ಸಿಕ್ಕಿಕೊಂಡಿದ್ದ ನಿಜಾಮುದ್ದೀನ್ ಅಲ್ಲಿಂದಲೇ ಕೈಮುಗಿದ. "ನಮಸ್ಕಾರ ಪೂಜಾರಪ್ಪ. ಯಾರಾದ್ರೂ ಆ ಸೀಟ್ ಮಡಚಿ, ನಾನು ಹೊರಗೆ ಬರ್ಬೇಕು."

ಹಟ್ಟಿ ನಕ್ಕಿತು, ಯಾರೋ ಸೀಟು ಮಡಚಿ ಅವನನ್ನು ಹೊರಗೆಳೆದರು. ಚಿತ್ತಮ್ಮ ಮಾತ್ರ ನಗಲಿಲ್ಲ. ಸೊಸೆಯ ಹೊಟ್ಟೆಯನ್ನೊಮ್ಮೆ, ಕಾರಿನ ಬಾಗಿಲನ್ನೊಮ್ಮೆ ನೋಡಿ ಅವಳು ನಿಜವಾಗಿ ಚಿಂತೆಯಿಂದಲೇ ಕೇಳಿದಳು: "ಅಲ್ಲ ಕಣಪ್ಪ ಜುಂಜಾ, ನೋವು ಬಂದಾಗ ಇವ್ಳು ಎಲ್ಲಿ ಕುಂತ್ಕತಾಳೆ? ಮುಂದ್ಗಡೆ ದೇವ್ರ ಪೆಟ್ಗೆ ಕೂರೋ ಜಾಗ. ಹಿಂದಕ್ಕೆ ಹೋಗ್ಬೇಕಂದ್ರೂ ಮುಂದಿನ ಸೀಟು ಮೆಟ್ಕಂಡೇ ಹೋಗ್ಬೇಕು. ಆ ವ್ಯಾನ್ಗಾದ್ರೆ ಹಿಂದ್ಗಡೆ ಡಿಕ್ಕಿ ಬಾಗ್ಲಿತ್ತು. ಅಂಗೇ ಅಲ್ವೇನಪ್ಪ ಮಾತಾಗಿದ್ದು?"

"ಯಾವ ಮಾತು ಅತ್ತೆ?" ಎಂದಳು ವನಜಾ.

ಜುಂಜೇಶ ಕೂತು ಟೈರು ನೋಡತೊಡಗಿದ.

"ಯಾವ ಮಾತು?" ಈ ಸಲ ಅವಳು ಕೇಳಿದ್ದು ಗಂಡನನ್ನು. ಅವನು ಟೈರಿನ ಕಲ್ಲು ಕೀಳುತ್ತಿದ್ದ.

ಉತ್ತರ ಕೊಟ್ಟವನು ಕಾಟಯ್ಯ. ಅದರಲ್ಲಿ ಮುಚ್ಚಿಡುವುದೇನಿದೆ ಅವನಿಗೆ! "ನಿಂಗೆ ಹೇಳಿಲ್ವೇನವ್ವ? ಹಟ್ಟಿಯೋರ್ನ ಒಪ್ಸಾಕೆ ನನ್ನ ನಾಲ್ಗೆ ಒಣಗೋಯ್ತು. ವ್ಯಾನು ತರಾದು. ಹಿಂದ್ಗಡೆ ಸೀಟು ಕಿತ್ತು ಚೀಲ ಹಾಸಾದು. ಕೊಬ್ರಿ ತುಂಬೋ ಹಿಂದಿನ ಬಾಗ್ಲಿಂದ ನಿನ್ನ ಮಲಗ್ಸಿ ಆಸ್ಪತ್ರೆಗೆ ಹೊಡ್ಯಾದು. ಮುಂದಿಂದು ಮೈಲ್ಗೆ ಆಗಾಕಿಲ್ಲ. ವಾಪಸ್ ಬಂದ್ಮ್ಯಾಕೆ ಗಂಜ್ಲ ಚುಮುಕ್ಸಿ ತೊಳ್ಕಂಬುಟ್ರೆ ಪೆಟ್ಗೆಗೂ ಆಯ್ತದೆ. ಯಾವ ಹಟ್ಟೀಲೂ ಇಷ್ಟು ಒಪ್ಪಿಲ್ಲ ಕಣವ್ವ, ನಿನ್ಗೋಸ್ಕರ ಒಪ್ಸಿದ್ದು."

ಅವನ ಮುಖದಲ್ಲಿ ಹೆಮ್ಮೆಯಿತ್ತು. ಸುಳ್ಳು ಹೆಮ್ಮೆಯಲ್ಲ, ಸೊಸೆಗಾಗಿ ಹತ್ತು ಮಂದಿಯ ಎದುರು ವಾದ ಮಾಡಿ ಗೆದ್ದುಬಂದವನ ಹೆಮ್ಮೆ. ಒಂದು ತಿಂಗಳಿಂದ ವ್ಯಾನು ವ್ಯಾನು ಎಂದು ಗಂಡನನ್ನು ಪೀಡಿಸಿದವಳು ಅವಳೇ. ಕೊಬ್ಬರಿ ಚೀಲ ನೂಕುವ ಕಿಂಡಿಯಿಂದ ತನ್ನನ್ನು ನೂಕುವುದಕ್ಕೆ, ತಾನೇ ಕಾಲಿಗೆ ಬಿದ್ದು ಗಾಡಿ ಕೇಳಿದ್ದಳು. ಸೀಟು ಕಿತ್ತು, ಚೀಲ ಹಾಸಿ, ತೊಳೆದು. ಕೊಬ್ಬರಿ ತುಂಬಿದ ಮೇಲೆ ಯಾರೂ ವ್ಯಾನು ತೊಳೆಯುವುದಿಲ್ಲ.

"ಇದು ನಮ್ಗಲ್ಲ ಬುಡ್ಲಾ ಮಗಾ," ಎಂದ ಕಾಟಯ್ಯ ತೀರ್ಪಿನಂತೆ. "ಎರಡೇ ಬಾಗ್ಲು. ಇದ್ರಲ್ಲಿ ಒಳಗು ಹೊರಗು ಅನ್ನಾದೇ ಇಲ್ಲ. ಆ ವ್ಯಾನೇ ತಕಂಬಾ."

ಬೆಳಗಿನಿಂದ ಆ ಕಾರಿಗಾಗಿ ಎಲ್ಲರೊಂದಿಗೆ ಹೊಡೆದಾಡಿದ ಜುಂಜೇಶ ತಲೆ ತಗ್ಗಿಸಿ "ಹ್ಞೂಂ ಅಪ್ಪಯ್ಯ" ಎಂದ. ಅಷ್ಟೇ. ಅಪ್ಪನ ಒಂದು ಮಾತಿಗೆ ಅವನ ಜಪಾನು ಮುಳುಗಿಹೋಯಿತು.

ವನಜಾ ಕಾರಿನ ಬಳಿ ಹೋದಳು. ಡ್ರೈವರ್ ಪಕ್ಕದ ಸೀಟಿನ ಬಾಗಿಲು ತೆಗೆದಳು. ಒಂದು ಕೈಯಲ್ಲಿ ಹೊಟ್ಟೆ, ಒಂದು ಕೈಯಲ್ಲಿ ಬಾಗಿಲು ಹಿಡಿದು ನಿಧಾನವಾಗಿ ಇಳಿದು, ದೇವರ ಪೆಟ್ಟಿಗೆಗೆಂದು ಗೊತ್ತಾಗಿದ್ದ ಆ ಸೀಟಿನಲ್ಲಿ ಕೂತಳು.

"ನಿಜಾಮಣ್ಣ, ಗಾಡಿ ತಿರುಗ್ಸಿ. ತಿಪಟೂರಿಗೆ ಹೋಗಾನ."

"ಎಲ್ಲಿಗೇ? ಏನೇ ಇದು?" ಎಂದು ಜುಂಜೇಶ ಓಡಿಬಂದ.

"ನಾನು ಹೆರೋಗಂಟ ತಿಪಟೂರಲ್ಲೇ ಇರ್ತೀನಿ. ಆಸ್ಪತ್ರೆ ಹಿಂದ್ಗಡೆ ಒಂದು ರೂಮ್ ಮಾಡಿ. ಅಟ್ಟದ ಕೊಬ್ರಿ ಮಾರಿದ್ದೀರಲ್ಲ, ಒಂದು ರೂಮಿಗೆ ಸಾಲಾಕಿಲ್ವಾ?"

"ಏನ್ ಮಾತಾಡ್ತೀಯವ್ವ?" ಎಂದಳು ಚಿತ್ತಮ್ಮ. "ಹಟ್ಟಿ ಬುಟ್ಟು ಯಾವಳು ಹೆತ್ತವ್ಳೆ? ನಾನು ಏಳು ಹೆತ್ತಿಲ್ವಾ ಇದೇ ಗುಡ್ಲಲ್ಲಿ?"

"ಉಳಿದಿದ್ದು ಎಷ್ಟು ಅತ್ತೆ?"

ಚಿತ್ತಮ್ಮ ಸೆರಗಿನ ತುದಿ ಹಿಡಿದುಕೊಂಡಳು. ಅವಳ ಕಣ್ಣು ಗುಡ್ಲಿನ ಕಡೆ ಹೋಯಿತು, ಅಲ್ಲಿಂದ ಗಂಡನ ಕಡೆ, ಅಲ್ಲಿಂದ ನೆಲಕ್ಕೆ. ಉತ್ತರ ಹಟ್ಟಿಗೆಲ್ಲ ಗೊತ್ತಿತ್ತು. ಏಳರಲ್ಲಿ ಉಳಿದ ಜುಂಜೇಶ ಒಬ್ಬನೇ ಅಲ್ಲಿ ನಿಂತಿದ್ದ.

"ಮೊದ್ಲು ಇಳಿಯವ್ವ ಅಲ್ಲಿಂದ," ಎಂದ ಕಾಟಯ್ಯ. ಸಿಟ್ಟಿಗಿಂತ ಗಾಬರಿ ಜಾಸ್ತಿ ಇತ್ತು ಆ ದನಿಯಲ್ಲಿ.

"ಇಳಿಯಕ್ಕೆ ಆಗಾಕಿಲ್ಲ ಮಾವ. ಸೀಟು ತಗ್ಗೈತೆ, ನಾನು ಬಸುರಿ. ಹತ್ತು ಜನ ಬಂದು ಎತ್ತಬೇಕು. ನನ್ನ ಮುಟ್ಟಿ ಎತ್ತೋರು ಯಾರವ್ರೆ ಹೇಳಿ."

ಯಾರೂ ಮುಂದೆ ಬರಲಿಲ್ಲ. ಗುಡ್ಲಿನ ಬಾಗಿಲಿಂದ ರಂಗಕ್ಕ ಕೂಗಿದಳು: "ಹೋಗೇ ವನಜಾ! ನನ್ಗೂ ಮುಂದಿನ ತಿಂಗ್ಳು ಒಂದು ಸೀಟು ಹಿಡ್ಕಂಡಿರು!"

"ಬಾಯ್ಮುಚ್ಚೇ ರಂಗಿ," ಎಂದಿತು ಹಟ್ಟಿಯ ಒಂದು ದನಿ. ರಂಗಕ್ಕ ಮುಚ್ಚಲಿಲ್ಲ, ಇನ್ನೂ ಜೋರಾಗಿ ನಕ್ಕಳು.

ಗಾಡಿ ವಾಪಸ್ ಒಯ್ಯಲೆಂದು ನಿಜಾಮುದ್ದೀನ್ ಡ್ರೈವರ್ ಸೀಟಿಗೆ ಬಂದು ಕೂತು, ಮುಂದೆ ನೋಡುವುದೋ ಪಕ್ಕಕ್ಕೆ ನೋಡುವುದೋ ತಿಳಿಯದೆ ಚಾವಿ ಹಿಡಿದುಕೊಂಡಿದ್ದ. "ಅಮ್ಮಾ, ನಾನು ಗಾಡಿ ಮಾರೋನು. ನಿಮ್ಮನೆ ಜಗಳಕ್ಕೆ ನನ್ನ ಯಾಕೆ…"

"ನಿಮ್ಮ ಗಾಡಿ ನೀವು ವಾಪಸ್ ಒಯ್ತಾ ಇದೀರ. ಅದ್ರಲ್ಲಿ ನಾನು ಕೂತಿದೀನಿ, ಅಷ್ಟೇಯ. ರೀ, ನೀವು ಬರ್ತೀರೋ ಇಲ್ವೋ?"

ಜುಂಜೇಶ ಅಪ್ಪನನ್ನು ನೋಡಿದ, ಬೇಲಿಯನ್ನು ನೋಡಿದ, ಗುಡ್ಲನ್ನು ನೋಡಿದ. ಆಮೇಲೆ ಡ್ರೈವರ್ ಬಾಗಿಲ ಕಡೆ ಬಂದು ಸಣ್ಣ ದನಿಯಲ್ಲಿ ಕೇಳಿದ: "ನಾನೆಲ್ಲಿ ಕೂರ್ಲಿ?"

"ಹಿಂದ್ಗಡೆ."

ನಿಜಾಮುದ್ದೀನ್ ಇಳಿದು ಸೀಟು ಮಡಚಿದ. ಕಾಟಯ್ಯ ಪೂಜಾರಿಯ ಮಗ, ಇಡೀ ಹಟ್ಟಿ ನೋಡುತ್ತಿದ್ದಂತೆ, ಬಗ್ಗಿ, ತೆವಳಿ, ಕೊಬ್ಬರಿ ಚೀಲದ ಹಾಗೆ ಆ ಸಂದಿಗೆ ಸೇರಿಕೊಂಡ. ಬಾಗಿಲು ಮುಚ್ಚಿತು. "ಜುಂಜಾ" ಎಂದು ಕಾಟಯ್ಯ ಒಮ್ಮೆ ಕರೆದ. ಕಾರು ನೆಲ ಉಜ್ಜಿಕೊಂಡು ಹೊರಟಿತು.

ಹಾಲ್ಕುರಿಕೆಯ ಹಂಪಿನಲ್ಲಿ ಜುಂಜೇಶನ ತಲೆ ಮೇಲಿನ ತಗಡಿಗೆ ಹೊಡೆಯಿತು. ಹಿಂದಿನಿಂದ ಅವನ ದನಿ ಬಂತು.

"ಅದ್ಕೇ ಕಣೇ ಆ ವ್ಯಾನ್ ಕಂಡ್ರೆ ನಂಗಾಗ್ತಿರ್ಲಿಲ್ಲ. ನಿನ್ನ ಆ ಡಿಕ್ಕೀಲಿ ಹಾಕೋದು ನೆನೆಸ್ಕಂಡ್ರೆ… ಈ ಕಾರಲ್ಲಾದ್ರೆ ನೀನು ನನ್ ಪಕ್ಕದಲ್ಲೇ ಕೂರ್ಬೇಕಲ್ಲ ಅಂತ."

ನಿಜವಾಗಿ ಬೆಳಗ್ಗೆಯೇ ಹಾಗೆ ಅಂದುಕೊಂಡಿದ್ದನೋ, ಮೊಣಕಾಲು ಗದ್ದಕ್ಕೆ ಬಂದ ಮೇಲೆ ಹೊಳೆಯಿತೋ, ವನಜಾಳಿಗೆ ತಿಳಿಯಲಿಲ್ಲ. ತಿಳಿಯುವ ತಾಳ್ಮೆಯೂ ಉಳಿದಿರಲಿಲ್ಲ.

"ಅದನ್ನ ನಿಮ್ಮಪ್ಪನ ಮುಂದೆ ಬಾಯಿಬಿಟ್ಟು ಹೇಳ್ಬೇಕಿತ್ತು," ಎಂದಳು. "ಬಾಯಿ ಕೆಲಸನ ಕಾರು ಮಾಡಾಕಿಲ್ಲ."

ಆಮೇಲೆ ನಿಜಾಮುದ್ದೀನನ ಕಡೆ ತಿರುಗಿದಳು. "ನಿಜಾಮಣ್ಣ, ಆ ವ್ಯಾನು ಯಾರಿಗೂ ಕೊಡ್ಬೇಡಿ. ನಾವೇ ತಗೋತೀವಿ."

"ಹಾಂ! ಈಗ ನೀವು ಸರಿಯಾದ ಮಾತು ಹೇಳಿದ್ರಿ ಅಮ್ಮ. ಅದ್ರ ಇಂಜಿನ್ನು…"

"ಹಿಂದಿನ ಸೀಟು ಕೀಳ್ಬೇಡಿ. ಆ ಡಿಕ್ಕಿ ಬಾಗ್ಲಿಗೆ ವೆಲ್ಡಿಂಗ್ ಹೊಡೆದ್ಬಿಡಿ. ಸುತ್ತಾನೂ ಹೊಡೀಬೇಕು. ಯಾರೂ ತೆಗೆಯಾಕೆ ಆಗಬಾರ್ದು."

ನಿಜಾಮುದ್ದೀನ್ ಬ್ರೇಕಿನ ಮೇಲೆ ಕಾಲಿಟ್ಟ. "ವೆಲ್ಡಿಂಗಾ? ಆಮೇಲೆ ಆ ಗಾಡಿ ಮಾರೋಕೆ ಹೋದ್ರೆ ಯಾರ್ ತಗೋತಾರಮ್ಮ?"

"ಕೊಬ್ರಿ ಚೀಲ ಹೆಂಗೇ ತುಂಬದು?" ಎಂದ ಹಿಂದಿನಿಂದ ಜುಂಜೇಶ.

"ಪಕ್ಕದ ಬಾಗ್ಲಿಂದ. ಮನುಷ್ರು ಹತ್ತೋ ಕಡೆಯಿಂದ. ಕೊಬ್ರಿಗೇನೂ ಬೇಜಾರಾಗಾಕಿಲ್ಲ."

ಜುಂಜೇಶ ಮಡಚಿದ ಕಾಲನ್ನು ಮಡಚಿದಲ್ಲೇ ಉಜ್ಜಿಕೊಂಡ. ಆಮೇಲೆ "ಹೊಡೀರಿ ನಿಜಾಂ ಭಾಯಿ," ಎಂದ. "ನಾಳೇನೇ ಹೊಡೀರಿ. ನಾನು ಎದ್ರಿಗೇ ನಿಂತಿರ್ತೀನಿ."

ವನಜಾ ತಿರುಗಿ ನೋಡಲಿಲ್ಲ. ಹೊಟ್ಟೆಯೊಳಗೆ ಕೂಸು ಒದ್ದಿತು. ಅವಳು ಅದರ ಮೇಲೆ ಕೈ ಇಟ್ಟುಕೊಂಡು, ತಿಪಟೂರಿನ ಕೊಬ್ಬರಿ ಮಂಡಿಯ ತಗಡಿನ ಮಾಡುಗಳು ಕಾಣಿಸುವ ತನಕ ರಸ್ತೆಯನ್ನೇ ನೋಡುತ್ತಿದ್ದಳು.

ಮನೆಯ ಮುಂದೆ ಕೆಂಪು ಕಾರು ಮತ್ತೆ ಬಂದು ನಿಂತದ್ದನ್ನು ಕಂಡ ಶಹರ್ ಬಾನು ಹೊಲಿಯುತ್ತಿದ್ದ ಲಂಗವನ್ನು ಹಾಗೇ ಬಿಸಾಕಿ ಹೊರಗೆ ಬಂದಳು. ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನ್ ಜೀ! ಮತ್ತೆ ಇಲ್ಲಿಗೇ ತಂದ್ರಾ ಇದನ್ನ?"

"ಸುಮ್ನಿರು ಬಾನು," ಎಂದ ನಿಜಾಮುದ್ದೀನ್, ಬೆವರು ಒರೆಸಿಕೊಳ್ಳುತ್ತ. "ಮೊದ್ಲು ಈ ಅಮ್ಮನ್ನ ಎತ್ತೋಕೆ ಬಾ. ಕೈ ಕೊಡು."

ಶಹರ್ ಬಾನು ಗೊಣಗುತ್ತಲೇ ಬಗ್ಗಿದಳು. ಎರಡೂ ಕೈ ವನಜಾಳ ಕಂಕುಳಿಗೆ ಕೊಟ್ಟು, "ಬಿಸ್ಮಿಲ್ಲಾ" ಎಂದು, ಒಂದೇ ಉಸಿರಿಗೆ ಮೇಲೆತ್ತಿದಳು.